ನಾಯಿ ಕುಳಿತರೆ ಇವರು ಕಲ್ಲಾಗುತ್ತಾರೆ: ಇಂಥವರಿಗೆ ಸೇವಾ ನಾಯಿ ತರಬಹುದೇ?

ಅಂಚೆಯಮ್ಮ, ಇಟ್ಟಿಗೆಗೂಡು, ಮೈಸೂರು

ಎಲ್ಲರಿಗೂ ನಮಸ್ಕಾರ. ಬರೆಯುವುದು ಸ್ವಲ್ಪ ಉದ್ದವಾಗುತ್ತದೆ, ಕ್ಷಮೆ ಇರಲಿ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕುಳಿತೇ ಕೂದಲು ನರೆಸಿಕೊಂಡವಳು ನಾನು. ಊರವರ ಕಥೆ ಕೇಳಿ ಅಭ್ಯಾಸ, ನನ್ನದು ಹೇಳಿ ಅಭ್ಯಾಸವಿಲ್ಲ.

ನಮ್ಮ ಯಜಮಾನರು 24 ವರ್ಷ ಸೇನೆಯಲ್ಲಿದ್ದು 2017ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಇಂಜಿನಿಯರ್ ರೆಜಿಮೆಂಟ್. ಸೇತುವೆ, ರಸ್ತೆಯ ಕೆಲಸದ ಜೊತೆಗೆ ನೆಲಬಾಂಬ್ ಹೂಳುವುದು, ತೆಗೆಯುವುದು ಇವರ ಪಾಲಿನದು. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೈನ್ಯವೆಲ್ಲ ಗಡಿಗೆ ಹೋಯಿತಲ್ಲ, ಆಪರೇಷನ್ ಪರಾಕ್ರಮ್, ಆಗ ಇವರು ರಾಜಸ್ಥಾನದ ಗಡಿಯಲ್ಲಿದ್ದರು. ಯುದ್ಧ ಆಗಲೇ ಇಲ್ಲ. ಹತ್ತು ತಿಂಗಳು ಕಾದು ಸೈನ್ಯ ಹಿಂದಕ್ಕೆ ಬಂತು. ಆದರೆ ಹೂತದ್ದನ್ನು ಯಾರಾದರೂ ತೆಗೆಯಬೇಕಲ್ಲ? ಹೂಳುವಾಗಲೂ ಜೀವ ಹೋದವು, ತೆಗೆಯುವಾಗಲೂ ಹೋದವು. ಆ ಕಾಲದ ಬಗ್ಗೆ ಇವರ ಬಾಯಿಂದ ನಾನು ಕೇಳಿರುವುದು ಎರಡೇ ಮಾತು. ಒಂದು, ಗಾಳಿಗೆ ಮರಳು ಸರಿದು, ನಕ್ಷೆಯಲ್ಲಿ ಬರೆದಿದ್ದ ಜಾಗದಲ್ಲಿ ಬಾಂಬ್ ಇರುತ್ತಿರಲಿಲ್ಲ ಎಂಬುದು. ಎರಡನೆಯದನ್ನು ಮುಂದೆ ಹೇಳುತ್ತೇನೆ.

"ಯುದ್ಧವೇ ಆಗಲಿಲ್ಲವಲ್ಲ, ಇವರಿಗೆ ಎಂಥ ಯುದ್ಧದ ಕಾಯಿಲೆ?" ಎಂದು ನೆಂಟರು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವುದನ್ನು ಬಿಟ್ಟು ಕಾಫಿ ಕೊಡುತ್ತೇನೆ.

ಇವರು ಮಣ್ಣು ತುಳಿಯುವುದಿಲ್ಲ. ಹುಲ್ಲಂತೂ ಇಲ್ಲವೇ ಇಲ್ಲ. ಟಾರು, ಸಿಮೆಂಟು, ಕಲ್ಲುಚಪ್ಪಡಿ ಇದ್ದರೆ ಸರಿ. ನನ್ನ ತವರು ಮಳವಳ್ಳಿಯ ಕಡೆ. ಅಲ್ಲಿ ಗದ್ದೆಯ ಬದುವಿನ ಮೇಲೆ ಎಮ್ಮೆ ಹೋದ ಗೊರಸಿನ ಗುರುತು ಕಂಡರೆ ಅದರೊಳಗೇ ಕಾಲಿಟ್ಟು ನಡೆಯುತ್ತಾರೆ. "ಭಾವ ಬದುವಿನ ಮೇಲೆ ಮದುವಣಗಿತ್ತಿಯ ಹಾಗೆ ನಡೆಯುತ್ತಾರೆ" ಎಂದು ನಮ್ಮಣ್ಣ ನಗುತ್ತಿದ್ದ. ಕಾರಣ ತಿಳಿದ ಮೇಲೆ ಎಮ್ಮೆಯನ್ನು ಮೊದಲು ಅಟ್ಟಿ, ಆಮೇಲೆ ಭಾವನನ್ನು ಕರೆಯುತ್ತಾನೆ.

ರಾತ್ರಿಯ ವಿಷಯ ಹೆಚ್ಚು ಬರೆಯುವುದಿಲ್ಲ. ಕೂಗುತ್ತಾರೆ, ಬೆವರುತ್ತಾರೆ. ಆಗ ಮುಟ್ಟಬಾರದು. ಮೊದಮೊದಲು ಒಮ್ಮೆ ಭುಜ ಹಿಡಿದು ಅಲುಗಿಸಿ, ಒಂದು ಕೈಯ ಬಳೆಯಷ್ಟೂ ಚೂರಾದ ಮೇಲೆ ಕಲಿತೆ. ಈಗ ಮಂಚದ ಕಾಲಬುಡದಲ್ಲಿ ನಿಂತು, "ರೀ, ಇದು ಇಟ್ಟಿಗೆಗೂಡು. ನಲ್ಲಿಯಲ್ಲಿ ನೀರು ಬರುತ್ತಿದೆ, ಏಳಿ" ಎನ್ನುತ್ತೇನೆ. ನೀರಿನ ಮಾತು ಕೇಳಿದರೆ ಯಾವ ಮರುಭೂಮಿಯಿಂದಲಾದರೂ ವಾಪಸು ಬರುತ್ತಾರೆ.

ಇನ್ನು ದಸರಾ. ನಮ್ಮ ಮನೆಗೆ ಮೃಗಾಲಯ ಹತ್ತಿರ, ವಸ್ತುಪ್ರದರ್ಶನದ ಮೈದಾನವೂ ಹತ್ತಿರ. ಸಿಂಹ ಗರ್ಜಿಸಿದರೆ ಇವರಿಗೆ ಏನೂ ಅಲ್ಲ. ಕುಶಾಲತೋಪಿನ ತಾಲೀಮು ಶುರುವಾಯಿತೆಂದರೆ ಮುಗಿಯಿತು. ಜಂಬೂಸವಾರಿಯ ದಿನ 21 ಸುತ್ತು ಹಾರಿಸುವುದಕ್ಕೆ ಮುಂಚೆ ಆನೆ, ಕುದುರೆಗಳಿಗೆ ರೂಢಿಯಾಗಲಿ ಎಂದು ಫಿರಂಗಿ ಸಿಡಿಸುತ್ತಾರಲ್ಲ, ಆ ದಿನಗಳಲ್ಲಿ ಇವರನ್ನು ಮಳವಳ್ಳಿಗೆ ಸಾಗಿಸುತ್ತೇನೆ. ತೋಪಿನಿಂದ ಪಾರಾಗಿ ಗದ್ದೆಯ ಮಣ್ಣಿಗೆ ಬೀಳುತ್ತಾರೆ, ಅದು ಬೇರೆ ಮಾತು.

ಪಿಟಿಎಸ್‌ಡಿ (ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ) ಎಂದು ವೈದ್ಯರು ಹೇಳಿದ್ದು 2019ರಲ್ಲಿ. ಗುಳಿಗೆ ನಡೆಯುತ್ತಿದೆ. ಆಪ್ತಸಮಾಲೋಚನೆಗೆ ಎರಡು ಸಲ ಹೋಗಿ, "ಆ ಹುಡುಗನಿಗೆ ನನ್ನ ಮಗನ ವಯಸ್ಸು, ಅವನ ಮುಂದೆ ಏನು ಹೇಳಲಿ" ಎಂದು ಬಿಟ್ಟರು.

ಈಗ ಪ್ರಶ್ನೆಗೆ ಬರುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮ ಮಗ ಅಮೆರಿಕದ ಮಾಜಿ ಸೈನಿಕರ ಸೇವಾ ನಾಯಿಗಳ ಬಗ್ಗೆ ಓದಿದ್ದಾನೆ. ದುಃಸ್ವಪ್ನ ಬಿದ್ದರೆ ನಾಯಿಯೇ ಎಬ್ಬಿಸುತ್ತದಂತೆ, ಗಾಬರಿಯಾದರೆ ತೊಡೆಯ ಮೇಲೆ ಭಾರ ಹಾಕಿ ಮಲಗುತ್ತದಂತೆ, ಜನಜಂಗುಳಿಯಲ್ಲಿ ಬೆನ್ನ ಹಿಂದೆ ನಿಲ್ಲುತ್ತದಂತೆ. (ಮೊದಲನೆಯದನ್ನು ಇಷ್ಟು ವರ್ಷ ಸಂಬಳವಿಲ್ಲದೆ ಮಾಡುತ್ತಿರುವುದು ಯಾರು ಎಂದು ಅವನನ್ನು ಕೇಳಿದೆ.) ಅವನು ಗೊತ್ತುಮಾಡಿರುವ ತರಬೇತುದಾರರೊಬ್ಬರು ಲ್ಯಾಬ್ರಡಾರ್ ನಾಯಿ, ಅದಕ್ಕೊಂದು ಅಂಗಿ, ಒಂದು ಸರ್ಟಿಫಿಕೇಟ್ ಎಲ್ಲ ಸೇರಿ ಎರಡೂವರೆ ಲಕ್ಷ ಎಂದಿದ್ದಾರೆ.

ದುಡ್ಡಿನ ಮಾತು ಆಮೇಲೆ. ನನ್ನ ಭಯ ಬೇರೆ. ಹೋದ ತಿಂಗಳು ಸಂಜೆ ಕಾರಂಜಿ ಕೆರೆಯ ಕಡೆ ನಡೆದು ಹೋಗುತ್ತಿದ್ದೆವು. ಯಾರದೋ ಸಾಕಿದ ನಾಯಿ, ಕೊರಳಲ್ಲಿ ಪಟ್ಟಿ ಇತ್ತು, ನಮ್ಮ ಮುಂದೆ ಮೂಸುತ್ತಾ ಹೋಗುತ್ತಿದ್ದದ್ದು ತಟ್ಟನೆ ಕುಳಿತುಬಿಟ್ಟಿತು. ಇವರು ನನ್ನ ಮೊಣಕೈ ಹಿಡಿದರು. "ಅಲುಗಬೇಡ. ಬಂದ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹಿಂದೆ ಹೋಗು" ಎಂದರು. ಧ್ವನಿ ತಣ್ಣಗಿತ್ತು. ಟಾರು ರಸ್ತೆ, ಅದರ ಮೇಲೆ ಯಾವ ಹೆಜ್ಜೆ? ಆದರೂ ಹೋದೆ. ಚುರುಮುರಿ ತಿನ್ನುತ್ತಿದ್ದವರೆಲ್ಲ ನೋಡುತ್ತಿರುವಾಗ ಗಂಡ ಹೆಂಡತಿ ಇಬ್ಬರೂ ಹಿಂದು ಹಿಂದಕ್ಕೆ ನಡೆದುಕೊಂಡು ಗೇಟಿನವರೆಗೆ ಬಂದೆವು.

ಮನೆಗೆ ಬಂದ ಮೇಲೆ ಎರಡನೆಯ ಮಾತು ಹೇಳಿದರು. ಅಲ್ಲಿ ಬಾಂಬ್ ಮೂಸುವ ಲ್ಯಾಬ್ರಡಾರ್ ಮುಂದೆ ಹೋಗುತ್ತಿತ್ತು, ಸಿಕ್ಕಿದ ಜಾಗದಲ್ಲಿ ಬೊಗಳದೆ ಸುಮ್ಮನೆ ಕುಳಿತುಕೊಳ್ಳುತ್ತಿತ್ತು. "ಮನುಷ್ಯರ ಮಾತು ನಂಬಿ ಎರಡು ಸಲ ಕೆಟ್ಟೆವು. ನಾಯಿಯ ಮಾತು ನಂಬಿ ಒಮ್ಮೆಯೂ ಕೆಡಲಿಲ್ಲ."

ಇಷ್ಟಾಗಿಯೂ ಇವರಿಗೆ ನಾಯಿಯೆಂದರೆ ಜೀವ. ನಮ್ಮ ಗೇಟಿನ ಬಳಿ ಮಲಗುವ ಬೀದಿನಾಯಿಗೆ ದಿನಾ ರಾತ್ರಿ ಚಪಾತಿ ಹಾಕಿ, ನನ್ನ ಜೊತೆ ವಾರಕ್ಕೆ ಆಡುವಷ್ಟು ಮಾತನ್ನು ಅದರ ಜೊತೆ ಒಂದೇ ದಿನ ಆಡುತ್ತಾರೆ. ಅದು ಮುದಿ ನಾಯಿ, ಮಲಗಿಯೇ ಇರುತ್ತದೆ, ಕುಳಿತದ್ದನ್ನು ನಾನೇ ಕಂಡಿಲ್ಲ. ಮನೆಯೊಳಗೆ ಒಂದು ನಾಯಿ ಬಂದರೆ ದಿನಕ್ಕೆ ನೂರು ಸಲ ಕೂರುತ್ತದೆ. ಔಷಧವೆಂದು ತಂದದ್ದೇ ವಿಷವಾದರೆ? ಬಲ್ಲವರು ಹೇಳಿ.

ಹಳ್ಳಿಹೈದ

ಅಕ್ಕ, ಅಷ್ಟೆಲ್ಲ ಯೋಚನೆ ಮಾಡಬೇಡಿ. ಒಂದು ಮರಿ ತನ್ನಿ. ಪ್ರೀತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ. ನಮ್ಮ ಮನೆಯಲ್ಲಿ ಮೂರು ಇವೆ, ನನಗೆ ಟೆನ್ಷನ್ ಎಂಬುದೇ ಗೊತ್ತಿಲ್ಲ.

ದನದ ಡಾಕ್ಟರು, ಮಂಡ್ಯ

ಹಳ್ಳಿಹೈದರೇ, ನಿಮಗೆ ಗೊತ್ತಿಲ್ಲದಿರುವುದು ಟೆನ್ಷನ್ ಒಂದೇ ಅಲ್ಲ. ಮರಿಯೆಂದರೆ ಮೊದಮೊದಲು ರಾತ್ರಿಯ ನಿದ್ದೆ ಹಾಳು. ನಿದ್ದೆಯೇ ಕಾಯಿಲೆಯಾಗಿರುವ ಮನೆಗೆ ಅದನ್ನು ಬಿಡಬೇಡಿ.

ಅಮ್ಮ, ನಾನು ನಿವೃತ್ತ ಪಶುವೈದ್ಯ. ಮೊದಲು ಆ ಸರ್ಟಿಫಿಕೇಟ್ ವಿಷಯ. ಸೇವಾ ನಾಯಿಗೆ ಕಾನೂನಿನ ಬಲವಿರುವುದು ಅಮೆರಿಕದಲ್ಲಿ. ಅಲ್ಲಿನ 1990ರ ಅಂಗವಿಕಲರ ಕಾಯಿದೆಯ ಪ್ರಕಾರ, ಒಡೆಯನ ಕಾಯಿಲೆಗೆ ಸಂಬಂಧಪಟ್ಟ ನಿರ್ದಿಷ್ಟ ಕೆಲಸವೊಂದನ್ನು ಕಲಿತ ನಾಯಿಯನ್ನು ಅಂಗಡಿ, ಹೋಟೆಲುಗಳು ಒಳಗೆ ಬಿಡಲೇಬೇಕು. ಬರೀ ಜೊತೆಗಿದ್ದು ಸಮಾಧಾನ ಕೊಡುವ ನಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ತಮಾಷೆಯೆಂದರೆ, ಅಲ್ಲಿಯೇ ಆ ನಾಯಿಗೆ ಸರ್ಟಿಫಿಕೇಟ್ ಕಡ್ಡಾಯವಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಆದರೆ ಇಂಥ ನಾಯಿಗೆ ಬಸ್ಸಿನ, ಬ್ಯಾಂಕಿನ ಬಾಗಿಲು ತೆರೆಯಿರಿ ಎಂಬ ಮಾತು ಅದರಲ್ಲಿಲ್ಲ. ರೈಲಿನಲ್ಲಂತೂ ನಾಯಿಗಿರುವುದು ಎರಡೇ ದಾರಿ: ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ ಇಡಿಯಾಗಿ ಹಿಡಿಯಬೇಕು, ಇಲ್ಲವೇ ಗಾರ್ಡಿನ ಡಬ್ಬಿಯಲ್ಲಿ ಕಳಿಸಬೇಕು. ಹಾಗಾಗಿ ಅಂಗಿಗೂ ಕಾಗದಕ್ಕೂ ಕೊಡುವ ದುಡ್ಡು ದಂಡ.

ಗುಣವಾಗುವುದೇ ಎಂದರೆ, ಆಗುತ್ತದೆ, ಮಗ ಓದಿದಷ್ಟಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆಯೇ 181 ಜನರ ಮೇಲೆ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿತು. ಸುಮಾರು ಅರ್ಧ ಜನರಿಗೆ ಕೆಲಸ ಕಲಿತ ನಾಯಿ, ಉಳಿದವರಿಗೆ ಒಳ್ಳೆಯ ನಡತೆಯ ಸಾಮಾನ್ಯ ನಾಯಿ. ಎರಡೂ ಕಡೆಯವರು ಸುಧಾರಿಸಿದರು. ಪಿಟಿಎಸ್‌ಡಿಯ ಲಕ್ಷಣಗಳು ಕೆಲಸ ಕಲಿತ ನಾಯಿಯವರಲ್ಲಿ ಸ್ವಲ್ಪ ಹೆಚ್ಚು ತಗ್ಗಿದವು, ಒಟ್ಟು ಬದುಕಿನ ಗುಣಮಟ್ಟದಲ್ಲಿ ಮಾತ್ರ ಅಂತರ ಕಾಣಲಿಲ್ಲ. 2024ರಲ್ಲಿ 156 ಜನರ ಇನ್ನೊಂದು ಅಧ್ಯಯನ ಬಂತು. ನಾಯಿ ಪಡೆದ 81 ಜನರಿಗೆ ಮೂರು ತಿಂಗಳಲ್ಲಿ, ನಾಯಿಗೆ ಕಾಯುತ್ತಿದ್ದವರಿಗಿಂತ ಖಿನ್ನತೆ, ಆತಂಕ ಎರಡೂ ಕಡಿಮೆ ಇದ್ದವು. ಅವರೆಲ್ಲ ಬೇರೆ ಚಿಕಿತ್ಸೆ ಬಿಟ್ಟು ನಾಯಿ ಹಿಡಿದವರಲ್ಲ, ಇದನ್ನು ಮಗನಿಗೆ ಹೇಳಿ.

ಎಲ್ಲ ನಾಯಿಗೂ ಈ ಕೆಲಸ ಒಗ್ಗುವುದಿಲ್ಲ. ಕೆನಡಾದ ಡಾಲ್ಹೌಸಿ ವಿಶ್ವವಿದ್ಯಾಲಯದವರು ಆಘಾತದ ನೆನಪು ಮರುಕಳಿಸುವಾಗ ಮನುಷ್ಯನ ಉಸಿರಿನ ವಾಸನೆ ಬದಲಾಗುವುದನ್ನು ನಾಯಿ ಹಿಡಿಯಬಲ್ಲದೇ ಎಂದು ನೋಡಿದರು. ಹಿಡಿಯಬಲ್ಲದು, ನಿಜ. ಆದರೆ 25 ನಾಯಿಗಳಿಗೆ ಕಲಿಸಲು ಹೊರಟು ಕೊನೆಗೆ ಉಳಿದದ್ದು ಎರಡು. ನಿಮ್ಮ ತರಬೇತುದಾರರ ಹತ್ತಿರ ಒಟ್ಟು ಎಷ್ಟು ನಾಯಿ ಇವೆ, ಎಷ್ಟನ್ನು ಆಗುವುದಿಲ್ಲವೆಂದು ಬಿಟ್ಟಿದ್ದಾರೆ ಎಂದು ಕೇಳಿ. ಒಂದನ್ನೂ ಬಿಟ್ಟಿಲ್ಲವೆಂದರೆ ಫೋನ್ ಇಟ್ಟುಬಿಡಿ.

ಇನ್ನೊಂದು ಸಂಗತಿ ನಿಮ್ಮ ತಲೆಗೆ ಬಂದಂತಿಲ್ಲ. ತೋಪಿನ ಸದ್ದಿಗೆ ನಾಯಿಯೇ ಮಂಚದ ಕೆಳಗೆ ಹೊಕ್ಕರೆ? ಪ್ರತಿ ದೀಪಾವಳಿಯ ಮಾರನೆಯ ದಿನ ನನ್ನ ಹತ್ತಿರ ಬರುತ್ತಿದ್ದ ನಾಯಿಗಳಲ್ಲಿ ಅರ್ಧ ಪಟಾಕಿಗೆ ಹೆದರಿ ಗೋಡೆ ಹಾರಿ ಕಾಲು ಮುರಿದುಕೊಂಡವು.

ಅಂಚೆಯಮ್ಮ

ಡಾಕ್ಟರೇ, ತೋಪಿಗೆ ಇಬ್ಬರೂ ಮಂಚದ ಕೆಳಗೆ, ನಾನೊಬ್ಬಳು ಮಂಚದ ಮೇಲೆ! ಇದು ಹೊಳೆದೇ ಇರಲಿಲ್ಲ. ಮಗನಿಗೆ ನಿಮ್ಮ ಪ್ರಶ್ನೆ ಕಳಿಸಿದೆ. ಅವನು ಕೇಳಿದ. "ನಮ್ಮಲ್ಲಿ ನೂರಕ್ಕೆ ನೂರು ಯಶಸ್ಸು" ಎಂದರಂತೆ.

ದನದ ಡಾಕ್ಟರು, ಮಂಡ್ಯ

ಫೋನ್ ಇಡಿ.

ತಿಳಿನೀರು, ಕುವೆಂಪುನಗರ

ಮೇಡಂ, ಆಪ್ತಸಮಾಲೋಚನೆ ನನ್ನ ವೃತ್ತಿ. ಒಂದು ಮಾತು ಕಟುವಾಗಿ ಕೇಳಿಸಬಹುದು. ಪ್ರತಿ ವರ್ಷ ಅವರನ್ನು ಮಳವಳ್ಳಿಗೆ ಕರೆದೊಯ್ಯುವುದು ಪ್ರೀತಿಯೇ, ಸಂದೇಹವಿಲ್ಲ. ಆದರೆ ತಪ್ಪಿಸಿಕೊಂಡಷ್ಟೂ ಈ ಕಾಯಿಲೆ ಕೊಬ್ಬುತ್ತದೆ. ಸದಾ ಬೆನ್ನು ಕಾಯುವ ನಾಯಿಯ ಬಗ್ಗೆಯೂ ನಮ್ಮವರಲ್ಲಿ ಇದೇ ತಕರಾರಿದೆ. ಬೆನ್ನ ಹಿಂದೆ ಕಾವಲಿದೆ ಎಂದರೆ ಹಿಂದೆ ಅಪಾಯವೂ ಇದೆ ಎಂದು ಮನಸ್ಸು ತಿಳಿಯುವುದಿಲ್ಲವೇ? ಆನೆಗಳ ತಾಲೀಮನ್ನು ನೀವೇ ನೋಡಿದ್ದೀರಿ. ಹೊಸ ಆನೆಯನ್ನು ಮೊದಲ ದಿನವೇ ಫಿರಂಗಿಯ ಬಾಯಿಗೆ ತಂದು ನಿಲ್ಲಿಸುವುದಿಲ್ಲ. ದೂರದಲ್ಲಿ, ಪಳಗಿದ ಆನೆಯ ಜೊತೆಗೆ ನಿಲ್ಲಿಸುತ್ತಾರೆ. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳ ದಾರಿಯೂ ಬಹುಮಟ್ಟಿಗೆ ಅದೇ.

ಸಮಾಲೋಚಕ ಹುಡುಗ ಎಂದು ಬಿಟ್ಟದ್ದು ನನಗೆ ಅರ್ಥವಾಗುತ್ತದೆ, ಬೇರೆಯವರನ್ನು ಕೇಳಿ ಪಡೆಯಬಹುದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿನಿಂದ ರೆಫರಲ್ ಬರೆಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡುತ್ತಾರೆ. ಸೇನೆಯವರು ಮತ್ತು ಅವರ ಕುಟುಂಬಗಳಿಗೆಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಇದೇ ಟೆಲಿ ಮಾನಸ್‌ನ ಪ್ರತ್ಯೇಕ ಘಟಕವನ್ನೂ ತೆರೆದರು. ಮಂಚದ ಕಾಲಬುಡದಲ್ಲಿ ಇಷ್ಟು ವರ್ಷ ನಿಂತವರೂ ಅಲ್ಲಿಗೆ ಕರೆ ಮಾಡಬಹುದು, ತಮಗಾಗಿ.

ಮೇಜರ್ ಅಲ್ಲದ ಮೇಜರ್, ಪಾಂಡವಪುರ

ತಂಗಿ, ನಮಸ್ಕಾರ. ನಾನು ಸೇನೆಯ ರಿಮೌಂಟ್ ವೆಟರ್ನರಿ ಕೋರ್‌ನಲ್ಲಿ ನಾಯಿ ನಡೆಸುತ್ತಿದ್ದವನು. ಮೀರತ್‌ನಲ್ಲಿ ಕಲಿತದ್ದು. ನಿಮ್ಮ ಯಜಮಾನರ ಮುಂದೆ ಹೋಗುತ್ತಿದ್ದಂಥ ನಾಯಿಯ ಹಗ್ಗದ ಇನ್ನೊಂದು ತುದಿಯಲ್ಲಿದ್ದವನು ಎಂದುಕೊಳ್ಳಿ.

ಮೇಲಿನವರು ಹೇಳಿದ ಅಧ್ಯಯನಗಳನ್ನು ನಾನು ಓದಿಲ್ಲ. ನಾಯಿ ಕೂರುವ ವಿಷಯ ಮಾತ್ರ ಹೇಳುತ್ತೇನೆ. ಬಾಂಬಿನ ನಾಯಿಗೆ ಬಾಂಬ್ ಎಂದರೆ ಏನೆಂದೇ ಗೊತ್ತಿಲ್ಲ. ಆ ವಾಸನೆ ಸಿಕ್ಕಿದ ಕಡೆ ಕುಳಿತರೆ ಚೆಂಡು ಕೊಡುತ್ತಾರೆ, ಅಷ್ಟೇ ಅದರ ಪ್ರಪಂಚ. ನಮಗೆ ಎದೆ ಬಡಿಯುತ್ತಿರುತ್ತದೆ, ಅದು ಆಟದ ಸಂಭ್ರಮದಲ್ಲಿರುತ್ತದೆ. ಇದನ್ನು ನಿಮ್ಮ ಯಜಮಾನರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ನಮ್ಮ ಹಿಂದೆ ಬರುತ್ತಿದ್ದ ಇಂಜಿನಿಯರುಗಳು ನೋಡುತ್ತಿದ್ದದ್ದು ನಾಯಿಯ ಬೆನ್ನನ್ನು. ನಾವು ನೋಡುತ್ತಿದ್ದದ್ದು ಮುಖವನ್ನು.

ಮುಖದಲ್ಲಿ ಎಲ್ಲವೂ ಬರೆದಿರುತ್ತದೆ. ವಾಸನೆ ಹಿಡಿದ ನಾಯಿ ಮೊದಲು ಬಾಯಿ ಮುಚ್ಚುತ್ತದೆ. ಬಿಸಿಲಲ್ಲಿ ಏದುಸಿರು ಬಿಡುತ್ತಾ ನಾಲಿಗೆ ಇಳಿಬಿಟ್ಟಿದ್ದದ್ದು ಗಪ್ಪೆಂದು ಮುಚ್ಚಿ, ಮೂಗಿನಲ್ಲೇ ಸಣ್ಣ ಸಣ್ಣ ಉಸಿರು ಎಳೆಯುತ್ತದೆ. ಬಾಯಿ ತೆರೆದುಕೊಂಡು ಸರಿಯಾಗಿ ಮೂಸುವುದಕ್ಕೆ ಆಗುವುದಿಲ್ಲ. ಬಾಲ ಬಿಗಿಯುತ್ತದೆ. ಬಂದ ದಾರಿಯಿಂದ ತಲೆ ತಟ್ಟನೆ ಒಂದು ಕಡೆಗೆ ಸೆಳೆದುಕೊಳ್ಳುತ್ತದೆ. ಆಮೇಲೆ ಕೂರುತ್ತದೆ. ಕೂರುವುದು ಕೊನೆಯದು. ಮನೆಯ ನಾಯಿ ಸುಸ್ತಾಗಿ ಕೂರುವಾಗ ಬಾಯಿ ತೆರೆದಿರುತ್ತದೆ, ಕಣ್ಣು ನಿಮ್ಮ ಕೈಯಲ್ಲಿರುವ ಬಿಸ್ಕತ್ತಿನ ಮೇಲಿರುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸ, ಠಸ್ಸೆ ಬಿದ್ದ ಅಂಚೆಚೀಟಿಗೂ ಬೀಳದ ಅಂಚೆಚೀಟಿಗೂ ಇರುವಷ್ಟೇ ಸ್ಪಷ್ಟ. ನಿಮ್ಮ ಕಣ್ಣಿಗೆ ಅದು ಎಷ್ಟು ಬೇಗ ಬೀಳುತ್ತದೋ, ಕಲಿತರೆ ಅವರ ಕಣ್ಣಿಗೆ ಇದೂ ಅಷ್ಟೇ ಬೇಗ ಬೀಳುತ್ತದೆ.

ಇನ್ನೊಂದು. ಅಲ್ಲಿ ನಾಯಿ ಕೂರುತ್ತಿದ್ದದ್ದು ನೆಲದ ಮಾತು ಕೇಳಿ. ಇಲ್ಲಿ ಅವರ ಮಾತು ಕೇಳಿ ಕೂರಲಿ. ಕೂರು ಎಂದವರೂ ಅವರೇ, ಏಳು ಎಂದವರೂ ಅವರೇ ಆದರೆ ಮನಸ್ಸು ಏನು ಮಾಡುತ್ತದೆ ನೋಡೋಣ. ಗ್ಯಾರಂಟಿ ಕೊಡುವುದಿಲ್ಲ, ನಾನು ನೂರಕ್ಕೆ ನೂರರವನಲ್ಲ. ವೈದ್ಯರನ್ನು ಒಂದು ಮಾತು ಕೇಳಿ, ಅವರು ಬೇಡವೆನ್ನದಿದ್ದರೆ ನಮ್ಮ ತಮ್ಮನ ಮನೆಯ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಕರೆದುಕೊಂಡು ಒಂದು ಭಾನುವಾರ ಬರುತ್ತೇನೆ. ದುಡ್ಡಿನ ಮಾತೆತ್ತಬೇಡಿ, ಮಧ್ಯಾಹ್ನ ಊಟ ಹಾಕಿ.

ಅಂಚೆಯಮ್ಮ

ಐದು ವಾರದ ಮೇಲೆ ಬರೆಯುತ್ತಿದ್ದೇನೆ.

ವೈದ್ಯರು ಬೇಡವೆನ್ನಲಿಲ್ಲ, "ರಸ್ತೆಯ ಮೇಲೆ, ಹಗಲಿನಲ್ಲಿ, ಅವರು ಸಾಕೆಂದ ತಕ್ಷಣ ನಿಲ್ಲಿಸಿ" ಎಂದರು. ಪಾಂಡವಪುರದ ಅಣ್ಣ ಗೂಡ್ಸ್ ಆಟೋದ ಹಿಂದೆ ನಾಯಿಯ ಜೊತೆ ತಾವೂ ಕುಳಿತು ಬಂದರು. ನಾಯಿಯ ಹೆಸರು ರಾಣಿ. ಬಂದವರು ಕಾಯಿಲೆಯ ಹೆಸರೆತ್ತಲಿಲ್ಲ. ಯಾವ ವರ್ಷ ಎಲ್ಲಿದ್ದಿರಿ, ಯಾವ ಲಂಗರಿನ (ಸೇನೆಯ ಅಡುಗೆಮನೆಯ) ದಾಲ್ ನೀರಾಗಿರುತ್ತಿತ್ತು, ಇದೇ ಮಾತು ಮುಕ್ಕಾಲು ಗಂಟೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ್ದು ಎರಡು ಮಾತು, ಅವರಿಗೆ ಮೊದಲ ಲೋಟ ಕಾಫಿಗೇ ಇಪ್ಪತ್ತು ಸಿಕ್ಕವು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಮನೆಯ ಮುಂದಿನ ಟಾರು ರಸ್ತೆಯಲ್ಲಿ ಹಗ್ಗವನ್ನು ಇವರ ಕೈಗೆ ಕೊಟ್ಟರು. ಇವರು "ಸಿಟ್" ಎಂದರು. ರಾಣಿ ಕುಳಿತಳು. ಹಗ್ಗ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾದದ್ದು ನನಗೆ ಕಾಂಪೌಂಡಿನಿಂದಲೇ ಕಾಣಿಸಿತು. "ಬಾಯಿ ನೋಡಿ" ಎಂದರು ಅಣ್ಣ. ಇವರು ಸೊಂಟ ಬಗ್ಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. "ತೆರೆದಿದೆ." "ಹಾಗಾದರೆ ಎಬ್ಬಿಸಿ." ಎಬ್ಬಿಸಿದರು. ಎಣಿಸುವುದು ನನ್ನ ಚಟ, ಹನ್ನೊಂದು ಸಲ ಆಯಿತು. ಹನ್ನೆರಡನೆಯ ಸಲ ಯಾರೂ ಹೇಳದೆಯೇ, ಟಾರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ ರಾಣಿ ತಾನಾಗಿಯೇ ಕುಳಿತುಬಿಟ್ಟಳು. ಇವರು ಕಾರಂಜಿ ಕೆರೆಯ ಹತ್ತಿರ ನಿಂತ ಹಾಗೆಯೇ ನಿಂತರು. ಅಣ್ಣನೂ ಸುಮ್ಮನಿದ್ದರು. ನಾನು ನಲ್ಲಿಯ ನೀರಿನ ಮಾತು ತೆಗೆಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವರೇ ಬಗ್ಗಿದರು. ನಾಲಿಗೆ ಒಂದು ಗೇಣು ಹೊರಗಿತ್ತು. "ಸುಳ್ಳಿ" ಎಂದು ಅದರ ತಲೆಗೆ ಮೆಲ್ಲನೆ ತಟ್ಟಿದರು.

ಮಣ್ಣಿಗೆ ಕಾಲಿಡಲಿಲ್ಲ. ಊಟಕ್ಕೆ ಬಂದು ಕುಳಿತಾಗ ಕೈ ನಡುಗುತ್ತಿತ್ತು, ಮುದ್ದೆ ಅರ್ಧಕ್ಕೇ ಬಿಟ್ಟರು. ಆ ರಾತ್ರಿ ಎರಡು ಸಲ ಎಬ್ಬಿಸಿದೆ. ಮುಂದಿನ ಭಾನುವಾರವೂ ಬರಲು ಹೇಳು ಎಂದವರು ಮಾತ್ರ ಇವರೇ. ಈಗ ನಾಲ್ಕು ಭಾನುವಾರ ಆಗಿವೆ.

ಎರಡೂವರೆ ಲಕ್ಷದ ನಾಯಿಯನ್ನು ಕೈಬಿಟ್ಟೆವು. ಸದ್ಯಕ್ಕೆ ಯಾವ ನಾಯಿಯನ್ನೂ ತರುವುದಿಲ್ಲ. ರೆಫರಲ್ ಸಿಕ್ಕಿದೆ, ಈ ಸಲದ ಸಮಾಲೋಚಕರಿಗೆ ನನ್ನಷ್ಟೇ ವಯಸ್ಸು. ತಿಳಿನೀರು ಅವರೇ, 14416ಕ್ಕೆ ನಾನು ಕರೆ ಮಾಡಿದೆ. ಇವರ ವಿಷಯ ಹೇಳಲು ಎಂದು ಮಾಡಿದ್ದು, ಅರ್ಧ ಗಂಟೆ ನನ್ನ ವಿಷಯವೇ ಆಯಿತು. ಈ ಸಲದ ತೋಪಿನ ತಾಲೀಮಿಗೆ ಮಳವಳ್ಳಿಗೆ ಹೋಗುವುದೋ, ಶ್ರೀರಂಗಪಟ್ಟಣದಷ್ಟು ದೂರಕ್ಕೆ ಹೋಗಿ ನಿಲ್ಲುವುದೋ ಎಂದು ಇನ್ನೂ ತೀರ್ಮಾನವಾಗಿಲ್ಲ.

ದನದ ಡಾಕ್ಟರೇ, ನಿಮಗೊಂದು ಪ್ರಶ್ನೆ ಉಳಿದಿದೆ. ರಾಣಿಯ ಕೂದಲು ನನ್ನ ಕಚೇರಿಯ ಸೀರೆಗೆಲ್ಲ ಅಂಟಿದೆ. ಎಷ್ಟು ಕೊಡವಿದರೂ ಹೋಗುತ್ತಿಲ್ಲ, ಏನು ಮಾಡಬೇಕು?